ಜಾವಾದಲ್ಲಿ ಐದು ನಿಮಿಷದ ಕತ್ತಲೆ

ಮದರಾಸು

ಹೊರದೇಶಕ್ಕೆ ಹೋಗಿ ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ವಿಮಾನ ಮೇಲೇಳುವಾಗ ಎದೆ ಹಾರಿತು, ಮೋಡದ ಮೇಲೆ ಮನಸ್ಸು ತೇಲಿತು ಎಂದೆಲ್ಲ ಇರುತ್ತದೆ. ನನಗೆ ನೆನಪಿರುವುದು ಕಾಲು ಊದಿಕೊಂಡದ್ದು. ತಿಪಟೂರಿನಿಂದ ಬೆಂಗಳೂರಿಗೆ ಒಂದು ರೈಲು, ಅಲ್ಲಿಂದ ಮದರಾಸಿಗೆ ಇನ್ನೊಂದು, ಮದರಾಸಿನಲ್ಲಿ ವಿಮಾನ ತಡವೆಂದು ಇಡೀ ಹಗಲು ಒಂದು ಗಟ್ಟಿ ಕುರ್ಚಿ. ಕರೆ ಬರುವ ಹೊತ್ತಿಗೆ ಹೊಸ ಬೂಟಿನೊಳಗೆ ಕಾಲು ಹೋಗಲೊಲ್ಲದು. ಬೂಟನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಹತ್ತಿದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೈ ಮುಗಿದು ನಕ್ಕಳು. ವಿಮಾನವನ್ನು ದೇವಸ್ಥಾನ ಎಂದುಕೊಂಡ ಮುದುಕ ಅಂತ ತಿಳಿದಳೋ ಏನೋ.

ನಾನು ಬಿಳಿಗೆರೆಯವನು, ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಥವನಿಗೆ ಜಾವಾ ದ್ವೀಪದಲ್ಲಿ ಏನು ಕೆಲಸ ಎಂದು ಊರಿನವರು ಕೇಳಿದರು. ಎಂಬತ್ತಮೂರರ ಜೂನ್ ಹನ್ನೊಂದಕ್ಕೆ ಅಲ್ಲಿ ಪೂರ್ಣ ಸೂರ್ಯಗ್ರಹಣ. ಬೆಂಗಳೂರಿನ ಕೆಲವು ಆಕಾಶವೀಕ್ಷಕರು ಹೊರಟಿದ್ದರು. ಅವರಿಗೆ ನಾನು ಮೂರು ವರ್ಷದಿಂದ ಕಾಗದ ಬರೆಯುತ್ತಿದ್ದೆ. ಆರು ಜನರಲ್ಲಿ ಒಬ್ಬರಿಗೆ ಕಾಮಾಲೆಯಾಗಿ ಅವರ ಜಾಗ ನನಗೆ ಸಿಕ್ಕಿತು. ಗುಂಪಿನ ಹಿರಿಯರು ವೆಂಕಟಾಚಲಯ್ಯನವರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. "ನಿಮಗೆ ಥರ್ಮಾಮೀಟರ್ ಕೆಲಸ ಮೇಷ್ಟ್ರೇ. ಗ್ರಹಣ ಹಿಡಿದಾಗಿನಿಂದ ಬಿಡುವ ತನಕ ನಿಮಿಷಕ್ಕೊಂದು ಸಲ ನೋಡಿ ಬರೀಬೇಕು. ಬೇಜಾರಿನ ಕೆಲಸ" ಎಂದರು. ಇಪ್ಪತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವನು ಸರ್ ನಾನು ಎಂದೆ.

ಆದರೆ ಹೋಗಲೇಬೇಕೆಂಬ ಹಟ ನನ್ನದಲ್ಲ, ನನ್ನ ತಂಗಿ ಗಿರಿಜಳದು. ಅದನ್ನು ಹೇಳದಿದ್ದರೆ ಮುಂದಿನದು ನಿಮಗೆ ಅರ್ಥವಾಗುವುದಿಲ್ಲ.

ಮೂರು ವರ್ಷದ ಹಿಂದೆ, ಎಂಬತ್ತರ ಫೆಬ್ರವರಿಯಲ್ಲಿ, ನಮ್ಮ ಕಡೆಯೇ ಗ್ರಹಣವಾಯಿತಲ್ಲ, ಅಂಕೋಲ, ರಾಯಚೂರಿನ ಕಡೆ ಪೂರ್ಣ. ನಮ್ಮ ಬಿಳಿಗೆರೆಯಲ್ಲಿ ಒಂದು ಎಳೆ ಬಿಟ್ಟು ಮಿಕ್ಕದ್ದೆಲ್ಲ ಮುಚ್ಚಿತು. ಅವತ್ತು ಶನಿವಾರ, ಬೆಳಗಿನ ಸ್ಕೂಲು. ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಬಾಗಿಲು ಹಾಕಿಕೊಂಡಿತ್ತು. ಅವ್ವ ಅಡಿಗೆ ಪಾತ್ರೆಗಳಿಗೆಲ್ಲ ದರ್ಭೆ ಹಾಕಿ ನಡುಮನೆಯಲ್ಲಿ ಕೂತಿದ್ದಳು. ಗಿರಿಜ ಗಂಡನ ಊರು ಶೆಟ್ಟಿಕೆರೆಯಿಂದ ತವರಿಗೆ ಬಂದಿದ್ದಳು. "ಹೊರಗೆ ಬಾ ಗಿರಿಜ, ಇಂಥದ್ದು ಇನ್ನೊಂದು ಸಲ ಸಿಗಲ್ಲ" ಎಂದು ಕರೆದವನು ನಾನು. ಕಿಟಕಿಯ ಒಡೆದ ಗಾಜಿಗೆ ಮಸಿ ಹಿಡಿಸಿ ಕೊಟ್ಟವನೂ ನಾನು. ಬೇರೆ ಊರಿನಲ್ಲಾದರೆ ಸೀಮೆಎಣ್ಣೆ ಬುಡ್ಡಿಯ ಮೇಲೆ ಹಿಡಿಯುತ್ತಿದ್ದರು. ನಮ್ಮಲ್ಲಿ ಎಲ್ಲದಕ್ಕೂ ತೆಂಗಿನ ಚಿಪ್ಪು. ನೀರು ಕಾಯಿಸಲು ಚಿಪ್ಪು, ಇಸ್ತ್ರಿ ಪೆಟ್ಟಿಗೆಗೆ ಚಿಪ್ಪಿನ ಕೆಂಡ, ಹಲ್ಲುಜ್ಜಲು ಚಿಪ್ಪಿನ ಇದ್ದಿಲು. ಗಾಜನ್ನೂ ಚಿಪ್ಪಿನ ಉರಿಯ ಮೇಲೇ ಹಿಡಿದೆ. ಒಣಗಿದ ಚಿಪ್ಪು ಚೆನ್ನಾಗಿ ಉರಿಯುತ್ತದೆ, ಹೊಗೆ ಕಡಿಮೆ. ಗಾಜಿಗೆ ಹತ್ತಿದ್ದು ಕಂದು ಬಣ್ಣದ ತೆಳ್ಳನೆಯ ಪೊರೆ. ಇಷ್ಟು ಸಾಕು ಅಂದೆ. ಮಸಿ ದಪ್ಪಗಿದ್ದಿದ್ದರೂ ತಪ್ಪೇ, ಮಸಿ ಗಾಜಿನಲ್ಲಿ ಸೂರ್ಯನನ್ನು ನೋಡಲೇಬಾರದು ಎಂದು ನನಗೆ ತಿಳಿದದ್ದು ಆಮೇಲೆ. ವಿಜ್ಞಾನದ ಮೇಷ್ಟ್ರಿಗೆ ಆಮೇಲೆ ತಿಳಿಯಿತು.

ಗಾಜಿನ ಚೂರು ಒಂದು ಕಣ್ಣಿಗೆ ಸಾಲುವಷ್ಟಿತ್ತು. ನಾನು ಒಂದು ಕ್ಷಣ ನೋಡಿ ಅವಳ ಕೈಗೆ ಕೊಟ್ಟೆ. ಅವಳು ಬಲಗಣ್ಣು ಮುಚ್ಚಿಕೊಂಡು ಎಡಗಣ್ಣಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಸಂಜೆ ದೀಪ ಹಚ್ಚುವಾಗ "ಅಣ್ಣ, ಎಡಗಣ್ಣು ಯಾಕೋ ನೆಟ್ಟಗಿಲ್ಲ" ಎಂದಳು. ಬೆಂಗಳೂರಿನ ಕಣ್ಣಿನ ಡಾಕ್ಟರು ಒಳಗೆ ಸುಟ್ಟಿದೆ, ಇನ್ನು ಇಷ್ಟೇ ಎಂದರು. ಊರಿನವರು ಜಗಳವಾಡಲಿಲ್ಲ. "ಗ್ರಹಣ ನೋಡಿದ್ರೆ ಇನ್ನೇನಾಗ್ತದೆ ಮೇಷ್ಟ್ರೇ" ಎಂದು ಮೆಲ್ಲಗೆ ಅಂದರು. ರಾಹು ಕೇತು ಎಲ್ಲ ಸುಳ್ಳು ಎಂದು ತರಗತಿಯಲ್ಲಿ ಹೇಳಿಕೊಂಡು ಬಂದಿದ್ದ ನನ್ನ ಬಾಯಿ ಅವತ್ತಿಗೆ ಮುಚ್ಚಿತು. ಗಿರಿಜ ಮಾತ್ರ ಒಂದು ಕಟುಮಾತು ಆಡಲಿಲ್ಲ. ನಾನು ಅವಳ ಕಣ್ಣಿನ ವಿಷಯ ಎತ್ತುತ್ತಲೇ ಇರಲಿಲ್ಲ. ಶೆಟ್ಟಿಕೆರೆಗೆ ಹೋದರೆ ಮಳೆ ಬೆಳೆ ಮಾತಾಡಿ, ಕಾಫಿ ಕುಡಿದು ಎದ್ದು ಬರುತ್ತಿದ್ದೆ.

ಜಾವಾದ ಸುದ್ದಿ ಹೇಳಲು ಹೋದಾಗ ಅವಳೇ ಅಂದಳು. "ಹೋಗೋದೇ ದಿಟ ಆದ್ರೆ ನಂಗೊಂದು ಕೆಲ್ಸ ಮಾಡ್ಕೊಡಣ್ಣ. ನಾನು ಒಂದು ಕಣ್ಣು ಕೊಟ್ಟಿದ್ದೀನಿ. ಕೊಟ್ಟಿದ್ದಕ್ಕೆ ಪೂರಾ ಮುಚ್ಚಿದ್ದು ನೋಡಾಕಾಗಲಿಲ್ಲ. ಅದು ಹೆಂಗಿರ್ತದೆ ಅಂತ ನೋಡ್ಕಂಡು ಬಂದು ಹೇಳು. ಪುಸ್ತಕದಾಗಿರೋದು ಬ್ಯಾಡ. ನೀನು ಕಣ್ಣಾರೆ ನೋಡಿದ್ದು ಹೇಳು."

ಹೇಳ್ತೀನಿ ಬುಡು ಎಂದೆ. ಮದರಾಸಿನ ಕುರ್ಚಿಯಲ್ಲಿ ಹಗಲೆಲ್ಲ ಕೂತು ನೆನೆಸಿಕೊಂಡದ್ದು ಇದನ್ನೇ.

ಜಕಾರ್ತ

ಇಲ್ಲಿ ಸುಂಕದವನು ನನ್ನ ಚೀಲ ಬಿಚ್ಚಿಸಿದ. ಬಟ್ಟೆಯ ಕೆಳಗೆ ಹತ್ತು ಉಂಡೆ ಕೊಬ್ಬರಿ ಇದ್ದವು. ಹೊಸ ಜಾಗಕ್ಕೆ ಹೋಗುವಾಗ ತಿಪಟೂರಿನ ಕಡೆಯವರು ಬರಿಗೈಲಿ ಹೋಗುತ್ತಾರೆಯೇ? ಅವನು ಒಂದನ್ನು ಎತ್ತಿ ಮೂಸಿದ, ಮೇಜಿಗೆ ಕುಟ್ಟಿದ, ದೀಪಕ್ಕೆ ಹಿಡಿದ. ಏನಿದು ಎಂದ. ತೆಂಗಿನಕಾಯಿ ಎಂದೆ. ಅವನು ಪಕ್ಕದ ಮೇಜಿನವರಿಬ್ಬರನ್ನು ಕರೆದು ನನ್ನನ್ನು ತೋರಿಸಿ ಏನೋ ಹೇಳಿದ. ಮೂವರೂ ಹೊಟ್ಟೆ ಹಿಡಿದು ನಕ್ಕರು. ಅದರ ಅರ್ಥ ಮಾರನೆಯ ದಿನ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿದಾಗ ಆಯಿತು. ಕಣ್ಣು ಹಾಯುವವರೆಗೂ ತೆಂಗು. ಅಷ್ಟು ದೂರ ಸಮುದ್ರ ದಾಟಿ ತುರುವೇಕೆರೆ ರಸ್ತೆಗೇ ಬಂದು ಇಳಿದಂತಾಯಿತು. ನನಗೆ ಸಂತೋಷವಾಗಬೇಕಿತ್ತು. ನಿದ್ದೆಗೆಟ್ಟು ತಲೆ ಸಿಡಿಯುತ್ತಿತ್ತು, ಇದನ್ನು ನೋಡಲು ಇಲ್ಲಿಗೆ ಬರಬೇಕಿತ್ತೇ ಅನ್ನಿಸಿತು.

ಸುಗೆಂಗ್ ಮೇಷ್ಟ್ರ ಹಳ್ಳಿ

ಯೋಗ್ಯಕರ್ತ ಎಂಬ ಪಟ್ಟಣದಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಳ್ಳಿ ನಮ್ಮ ವೀಕ್ಷಣೆಯ ಜಾಗ. ಗ್ರಹಣದ ನೆರಳಿನ ನಡುಗೆರೆ ಅಲ್ಲೇ ಹತ್ತಿರ ಹಾದುಹೋಗುತ್ತಿತ್ತು. ನಮಗೆ ಇಳಿದುಕೊಳ್ಳಲು ಜಾಗ ಕೊಟ್ಟವರು ಸುಗೆಂಗ್ ಎಂಬ ಶಾಲಾ ಮೇಷ್ಟ್ರು. ಅವರಿಗೆ ಇಂಗ್ಲಿಷ್ ಬರುತ್ತಿತ್ತು, ನನ್ನಷ್ಟೇ. ಇಬ್ಬರೂ ಸರಿಯಾದ ಪದಕ್ಕಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಲ್ಲುತ್ತಿದ್ದೆವು. ಮನೆಯಲ್ಲಿ ಅವರ ಹೆಂಡತಿ, ಮತ್ತು ಎಂಬತ್ತು ದಾಟಿದ ತಾಯಿ. ಆ ಅಜ್ಜಿ ಬೆಳ್ಳಿ ಬಣ್ಣದ ಕೂದಲನ್ನು ತುರುಬು ಕಟ್ಟಿಕೊಂಡು, ಎಲೆಅಡಿಕೆ ಜಗಿಯುತ್ತ ಬಾಗಿಲಲ್ಲೇ ಕೂತಿರುತ್ತಿದ್ದಳು.

ಬಚ್ಚಲಿಗೆ ಹೋದಾಗ ಮಾತ್ರ ನನಗೆ ಜೀವ ಬಂತು. ನೀರು ತುಂಬಿದ ಒಂದು ಗಾರೆ ತೊಟ್ಟಿ, ಮೊಗೆದುಕೊಳ್ಳಲು ಒಂದು ಹಿಡಿಕೆ ಚೊಂಬು. ಹಿಂದಿನ ವರ್ಷ ಬಂದಿದ್ದ ಬಿಳಿಯ ಒಬ್ಬ ಆ ತೊಟ್ಟಿಯೊಳಗೇ ಇಳಿದು ಕೂತು ಸೋಪು ಹಚ್ಚಿಕೊಂಡನಂತೆ. ಮನೆಮಂದಿಯೆಲ್ಲ ಮೂರು ದಿನ ನೀರು ತೋಡಿ ಚೆಲ್ಲಿದರಂತೆ. ನಾನು ನಮ್ಮೂರಿನಂತೆಯೇ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಮೊಗೆದು ಹುಯ್ದುಕೊಂಡೆ. ಹೊರಗೆ ಬಂದಾಗ ತೊಟ್ಟಿಯ ನೀರು ತಿಳಿಯಾಗಿರುವುದನ್ನು ನೋಡಿ ಅಜ್ಜಿ ಮಗನಿಗೆ ಏನೋ ಅಂದಳು. "ಈ ಮನುಷ್ಯನಿಗೆ ತಾಯಿ ಬುದ್ಧಿ ಕಲಿಸಿದ್ದಾಳೆ ಅಂತಾಳೆ" ಎಂದರು ಸುಗೆಂಗ್.

ಆ ಒಳ್ಳೆಯ ಹೆಸರು ಸಂಜೆಯ ತನಕ ಉಳಿಯಲಿಲ್ಲ. ನನ್ನ ಉಂಡೆ ಕೊಬ್ಬರಿಯನ್ನು ತಟ್ಟೆಯಲ್ಲಿಟ್ಟು ಅಜ್ಜಿಗೆ ಕೊಟ್ಟೆ. ಅವಳು ತಿರುಗಿಸಿ ತಿರುಗಿಸಿ ನೋಡಿ ಸೊಸೆಯ ಕೈಗಿತ್ತಳು, ಸೊಸೆ ಒಳಗೆ ಒಯ್ದು ಎಣ್ಣೆಗಾಣಕ್ಕೆ ಹೋಗುವ ಬುಟ್ಟಿಗೆ ಹಾಕಿಬಿಟ್ಟಳು. ಅಲ್ಲಿ ಕೊಬ್ಬರಿ ಎಂದರೆ ಕಾಯಿ ಹೋಳು ಮಾಡಿ ಹೊಗೆಯಲ್ಲಿ ಒಣಗಿಸಿದ್ದು, ಎಣ್ಣೆಗೆ ಮಾತ್ರ. ಮನುಷ್ಯರು ತಿನ್ನುವುದಿಲ್ಲ. ಕಾಯಿಯನ್ನು ಸುಲಿಯದೆ ವರ್ಷದ ತನಕ ಅಟ್ಟದಲ್ಲಿ ಮುಟ್ಟದೆ ಇಟ್ಟು, ಒಳಗೆ ನೀರು ತಾನಾಗಿ ಹಿಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನುವಾಗ ಒಡೆದು ಇಡೀ ಉಂಡೆ ತೆಗೆಯುವ ನಮ್ಮ ಕಷ್ಟವನ್ನು ವಿವರಿಸಿದೆ. ಸುಗೆಂಗ್ ಅದನ್ನು ಅವರ ಭಾಷೆಯಲ್ಲಿ ಹೇಳಿದರು. "ಒಂದು ವರ್ಷವಾ? ಮರೆತುಬಿಟ್ಟಿದ್ದರಾ?" ಎಂದಳು ಅಜ್ಜಿ. ಬುಟ್ಟಿಯಿಂದ ಒಂದನ್ನು ತೆಗೆಸಿ ಚಾಕುವಿನಿಂದ ಹೆರೆದು ಅವರೆದುರು ಬೆಲ್ಲದ ಜತೆ ತಿಂದು ತೋರಿಸಿದೆ. ಹಿಂಡಿ ತಿನ್ನುವ ಮನುಷ್ಯನನ್ನು ನೋಡುವಂತೆ ನೋಡಿದರು.

ಅವರ ತೆಂಗಿನ ಮರಗಳನ್ನು ನೋಡಿದರೂ ನನಗೆ ಬೇಸರವೇ. ಹತ್ತಲು ಅನುಕೂಲವಾಗಲೆಂದು ಕಾಂಡಕ್ಕೆ ಮಚ್ಚಿನಿಂದ ಕಚ್ಚು ಹಾಕಿ ಬುಡದಿಂದ ತುದಿಯ ತನಕ ಮೆಟ್ಟಿಲು ಮಾಡಿರುತ್ತಾರೆ. ನಮ್ಮಲ್ಲಿ ಹೀಗೆ ಮಾಡಿದರೆ ಅಪ್ಪ ಮಗನನ್ನು ಮನೆಯಿಂದ ಹೊರಗೆ ಹಾಕುತ್ತಾನೆ. ಊಟದ ವಿಷಯ ಬರೆಯುವುದಿಲ್ಲ. ಚಟ್ನಿ ಎಂದು ಎರಡು ದಿನ ಚಪ್ಪರಿಸಿದ್ದರಲ್ಲಿ ಒಣಗಿದ ಸಿಗಡಿ ಇತ್ತು ಎಂದು ಮೂರನೆಯ ದಿನ ತಿಳಿಯಿತು. ಕೊರಳಿನ ಲಿಂಗವನ್ನು ಮುಟ್ಟಿಕೊಂಡೆ, ಅವತ್ತಿನಿಂದ ಬಾಳೆಹಣ್ಣು ತಿಂದುಕೊಂಡಿದ್ದೆ.

ಶುಕ್ರವಾರ

ಬೆಳಗ್ಗೆಯಿಂದ ಧ್ವನಿವರ್ಧಕ ಕಟ್ಟಿಕೊಂಡ ಜೀಪೊಂದು ಊರಲ್ಲಿ ಸುತ್ತುತ್ತಿತ್ತು. ಏನು ಹೇಳುತ್ತಿದೆ ಎಂದು ಸುಗೆಂಗ್ ಅವರನ್ನು ಕೇಳಿದೆ. ನಾಳೆ ಯಾರೂ ಹೊರಗೆ ಬರಬಾರದು, ಕಿಟಕಿಗಳಿಗೆ ಬಟ್ಟೆ ಕಟ್ಟಬೇಕು, ಸೂರ್ಯನನ್ನು ನೋಡಿದರೆ ಕಣ್ಣು ಹೋಗುತ್ತದೆ, ಟೀವಿಯಲ್ಲಿ ತೋರಿಸುತ್ತೇವೆ, ಅದರಲ್ಲಿ ನೋಡಿ ಎಂದು ಸರ್ಕಾರವೇ ಸಾರುತ್ತಿತ್ತು. ನಮ್ಮ ಗುಂಪಿನ ಹುಡುಗರು ನಕ್ಕರು. ವೆಂಕಟಾಚಲಯ್ಯನವರಿಗೆ ಸಿಟ್ಟೇ ಬಂತು. "ಐದು ನಿಮಿಷ ಪೂರ್ತಿ ಮುಚ್ಚಿರ್ತದೆ, ಆ ಐದು ನಿಮಿಷ ಬರಿಗಣ್ಣಲ್ಲಿ ನೋಡಿದರೆ ಏನೂ ಆಗಲ್ಲ. ತಲೆಬಾಗಿಲಲ್ಲಿ ಇಂಥ ಭಾಗ್ಯ ಬಂದು ನಿಂತಿದೆ, ಜನರನ್ನ ಒಳಗೆ ಕೂಡಿ ಹಾಕ್ತಿದ್ದಾರಲ್ಲ" ಎಂದರು. ನಾನು ಮಾತ್ರ, ಯಾರಾದರೂ ಎಂಬತ್ತರಲ್ಲಿ ನಮ್ಮ ಮನೆಯ ಮುಂದೆ ಇಂಥದೊಂದು ಜೀಪು ತಂದಿದ್ದರೆ ಎಂದು ಯೋಚಿಸುತ್ತಿದ್ದೆ.

ಊರವರನ್ನು ಸಮಾಧಾನ ಮಾಡಲೆಂದು ಮುಸ್ಸಂಜೆಗೆ ಸುಗೆಂಗ್ ಅವರ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ, ಕಾರಿನ ಬ್ಯಾಟರಿಯ ಬೆಳಕಿನಲ್ಲಿ ಸ್ಲೈಡು ತೋರಿಸಿದೆವು. ವಾಯೇಜರ್ ನೌಕೆ ಕಳಿಸಿದ ಗುರುಗ್ರಹದ ಕೆಂಪು ಮಚ್ಚೆ, ಶನಿಯ ಬಳೆಗಳು, ರಷ್ಯದವರ ಯಂತ್ರ ಶುಕ್ರಗ್ರಹದ ಮೇಲೆ ಇಳಿದು ತೆಗೆದ ನೆಲದ ಚಿತ್ರ. ಮುರಿದ ಚಪ್ಪಡಿಗಳಂಥ ಕಲ್ಲು, ಕಿತ್ತಳೆ ಬಣ್ಣದ ಬೆಳಕು. ಅಲ್ಲಿಯ ಬಿಸಿಗೆ ಸೀಸ ಕರಗುತ್ತದೆ, ಯಂತ್ರ ಬದುಕಿದ್ದು ಎರಡು ಗಂಟೆ ಎಂದು ವೆಂಕಟಾಚಲಯ್ಯನವರು ಹೇಳಿದರು. ಮುಗಿದ ಮೇಲೆ ಅಜ್ಜಿ ಮಗನ ಮೂಲಕ ಒಂದು ಪ್ರಶ್ನೆ ಕೇಳಿದಳು.

"ಶನಿಯನ್ನು ನೋಡಲು ನಿಮ್ಮಲ್ಲಿ ಯಾರಾದರೂ ಹೋಗಿದ್ದರಾ?"

ಇಲ್ಲ, ಯಂತ್ರ ಹೋಗಿತ್ತು ಎಂದೆವು.

"ಯಂತ್ರ ನೋಡಿದ್ದನ್ನು ನೀವು ನಂಬುತ್ತೀರಿ. ನಾಳೆ ನನ್ನ ಟೀವಿ ನೋಡಿದ್ದನ್ನು ನಾನು ನಂಬುತ್ತೇನೆ. ನೀವು ಯಾಕೆ ಬಿಸಿಲಲ್ಲಿ ನಿಲ್ಲುತ್ತೀರಿ?"

ವೆಂಕಟಾಚಲಯ್ಯನವರು ಕನ್ನಡಕ ಒರೆಸಿಕೊಂಡರು. ನನ್ನ ಹತ್ತಿರ ಒಂದು ಉತ್ತರ ಇತ್ತು. ಕಣ್ಣಾರೆ ನೋಡಿದ್ದು ಹೇಳು ಎಂದು ತಂಗಿ ಕಳಿಸಿದ್ದಾಳೆ ಎಂದು ಹೇಳಬಹುದಿತ್ತು. ಅಷ್ಟು ಇಂಗ್ಲಿಷ್ ಕೂಡಿಸಲು ನನಗೆ ಶಕ್ತಿಯಿರಲಿಲ್ಲ.

ಶನಿವಾರ

ಇದೂ ಶನಿವಾರವೇ. ಬೆಳಗಿನಿಂದ ಆಕಾಶದಲ್ಲಿ ಒಂದು ತುಣುಕು ಮೋಡವಿಲ್ಲ. ಹತ್ತು ಗಂಟೆಗೆ ಊರು ಖಾಲಿಯಾಯಿತು. ಗಂಡಸರು ಕೆಲವರು ಪ್ರಾರ್ಥನೆಗೆಂದು ಮಸೀದಿ ಸೇರಿದರು, ಮಿಕ್ಕವರು ಕದ ಹಾಕಿಕೊಂಡರು. ಕೋಳಿಗಳನ್ನೂ ಮಂಕರಿಯ ಕೆಳಗೆ ಮುಚ್ಚಿದರು. ಸುಗೆಂಗ್ ಅವರಿಗೆ ನಮ್ಮ ಜತೆ ನಿಲ್ಲುವ ಆಸೆಯಿತ್ತು. ತಾಯಿ ಬಿಡಲಿಲ್ಲ, ನೌಕರಿಯ ಹೆದರಿಕೆಯೂ ಇತ್ತು. ಕಿಟಕಿಗೆ ಕಂಬಳಿ ಕಟ್ಟುವಾಗ ನನ್ನ ಮುಖ ನೋಡಿ ತಲೆ ತಗ್ಗಿಸಿದರು. ಒಳಗೆ ಕಾರಿನ ಬ್ಯಾಟರಿಗೆ ಸಿಕ್ಕಿಸಿದ ಕಪ್ಪು ಬಿಳುಪಿನ ಟೀವಿ ಮಾತಾಡಲು ಶುರುಮಾಡಿತು.

ನಾವು ಆರು ಜನ ಮನೆಯ ಹಿಂದಿನ ಗದ್ದೆಯ ಬಯಲಿನಲ್ಲಿ ನಿಂತೆವು. ನನ್ನ ಥರ್ಮಾಮೀಟರು ಒಂದು ಬಿಳಿ ಪೆಟ್ಟಿಗೆಯೊಳಗೆ ತೂಗುತ್ತಿತ್ತು. ವೆಲ್ಡಿಂಗ್ ಮಾಡುವವರ ದಪ್ಪ ಕಪ್ಪು ಗಾಜನ್ನು ಎಲ್ಲರಿಗೂ ಕೊಟ್ಟಿದ್ದರು. ಇದು ಸರಿಯಾದ ಗಾಜು, ಎಷ್ಟು ಹೊತ್ತು ನೋಡಿದರೂ ಅಪಾಯವಿಲ್ಲ. ಆದರೂ ನಾನು ಒಂದು ಸಲ ನೋಡಿ, ಎರಡು ಕಣ್ಣನ್ನೂ ಬೇರೆ ಬೇರೆಯಾಗಿ ಮುಚ್ಚಿ ತೆರೆದು, ಪುಸ್ತಕದ ಅಕ್ಷರ ಕಾಣುತ್ತದೆಯೇ ಎಂದು ಪರೀಕ್ಷೆ ಮಾಡಿಕೊಂಡು, ಆಮೇಲೆ ಇನ್ನೊಂದು ಸಲ ನೋಡುತ್ತಿದ್ದೆ. ವೆಂಕಟಾಚಲಯ್ಯನವರು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಅವರಿಗೆ ಗಿರಿಜಳ ವಿಷಯ ಗೊತ್ತಿತ್ತು. "ಪೂರ್ತಿ ಮುಚ್ಚಿದ ಕೂಡಲೆ ಗಾಜು ತೆಗೀರಿ ಅಂತ ಕೂಗ್ತೀನಿ. ತೆಗೆದು ನೋಡಿಬಿಡಿ. ಥರ್ಮಾಮೀಟರ್ ಒಂದೆರಡು ನಿಮಿಷ ತಪ್ಪಿದರೆ ತಪ್ಪಲಿ" ಎಂದರು.

ಹನ್ನೊಂದು ದಾಟಿತು. ಬಿಸಿಲಿಗೆ ಬಿಸಿಲಿನ ಬಣ್ಣ ಹೋಯಿತು. ತೆಂಗಿನ ಗರಿಯ ನೆರಳಿನ ಕೆಳಗೆ ಬೆಳಕಿನ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರಕ್ಕೆ ತಿರುಗಿ ನೆಲದ ತುಂಬ ಬಿದ್ದವು. ಪಡುವಣದ ಕಡೆಯಿಂದ ಗದ್ದೆಯ ಮೇಲೆ ಒಂದು ನೆರಳು ಓಡಿ ಬಂತು. ನನ್ನ ಗಾಜಿನಲ್ಲಿ ಸೂರ್ಯ ದಾರದೆಳೆಯಾಗಿ, ಎಳೆ ತುಂಡಾಗಿ, ಆರಿಹೋಯಿತು.

"ಗಾಜು ತೆಗೀರಿ" ಎಂಬ ಕೂಗು ಬಂತು. ಸುತ್ತ ಇದ್ದವರೆಲ್ಲ ಒಟ್ಟಿಗೆ ಬಾಯಿ ತೆರೆದ ಸದ್ದು ಕೇಳಿತು. ನಮ್ಮ ಗುಂಪಿನ ಒಬ್ಬ ಹುಡುಗ ಅಳಲು ಶುರುಮಾಡಿದ.

ನನ್ನ ಕೈ ಕೆಳಗೆ ಇಳಿಯಲಿಲ್ಲ. ಇದನ್ನು ಹೇಗೆ ಬರೆಯಲಿ ತಿಳಿಯದು. ಬುದ್ಧಿಗೆ ಎಲ್ಲ ಗೊತ್ತಿತ್ತು. ಈಗ ಅಪಾಯವಿಲ್ಲ ಎಂದು ನಾನೇ ಹತ್ತು ಜನಕ್ಕೆ ಪಾಠ ಹೇಳಬಲ್ಲೆ. ಕೈ ಮಾತ್ರ ನನ್ನ ಮಾತು ಕೇಳಲಿಲ್ಲ. ಅವತ್ತು ಸಂಜೆ ದೀಪ ಹಚ್ಚುತ್ತ ಕಣ್ಣುಜ್ಜಿಕೊಳ್ಳುತ್ತಿದ್ದ ಗಿರಿಜಳ ಮುಖ ಅಡ್ಡ ಬಂತು. ಗಾಜನ್ನು ಇನ್ನೂ ಗಟ್ಟಿಯಾಗಿ ಕಣ್ಣಿಗೊತ್ತಿಕೊಂಡೆ. ಆ ಗಾಜಿನಲ್ಲಿ ಉರಿಯುವ ಸೂರ್ಯ ಬಿಟ್ಟು ಬೇರೇನೂ ಕಾಣುವುದಿಲ್ಲ. ಮುಚ್ಚಿದ ಸೂರ್ಯನ ಸುತ್ತಿನ ಬೆಳಕು ಅದಕ್ಕೆ ಏತಕ್ಕೂ ಸಾಲದು. ನನಗೆ ಕಂಡದ್ದು ಬರೀ ಕಪ್ಪು.

ಯಾರೋ "ಮೇಷ್ಟ್ರೇ, ನೋಡ್ರಿ ಮೇಷ್ಟ್ರೇ" ಎಂದರು. ಆಗ ತಲೆ ತಗ್ಗಿಸಿ ಪೆಟ್ಟಿಗೆಯ ಕಡೆ ತಿರುಗಿದೆ. ಟಾರ್ಚು ಹಾಕಿ ಪಾದರಸ ನೋಡಿದೆ, ಬರೆದೆ. ತಣ್ಣಗೆ ಗಾಳಿ ಬೀಸಿತು. ದಿಗಂತದಲ್ಲಿ ಸುತ್ತಲೂ ಸಂಜೆಯ ಕೆಂಪು. ಪೂರ್ವದಲ್ಲಿ ಶುಕ್ರ ಹೊತ್ತಿಕೊಂಡಿತ್ತು. ಅಷ್ಟನ್ನು ಕಡೆಗಣ್ಣಿನಲ್ಲಿ ನೋಡಿದೆ. ತಲೆ ಎತ್ತಬೇಕಾದ ಕಡೆ ಎತ್ತಲಿಲ್ಲ. ಐದು ನಿಮಿಷ ಬಹಳ ದೀರ್ಘ. ಅದರಲ್ಲಿ ಹತ್ತು ಸಲ ಧೈರ್ಯ ತಂದುಕೊಳ್ಳಬಹುದು. ಈಗ ನೋಡುತ್ತೇನೆ, ಇನ್ನೊಂದು ಸಲ ಬರೆದು ನೋಡುತ್ತೇನೆ ಎಂದುಕೊಳ್ಳುತ್ತ ಐದು ಸಲ ಬರೆದೆ. ಅಷ್ಟರಲ್ಲಿ ನನ್ನ ಕಾಗದದ ಮೇಲೆ ಬೆಳಕು ಬಿತ್ತು, ಎಲ್ಲರೂ ಗಾಜು ಹಾಕಿಕೊಂಡರು.

ಆಮೇಲೆ ಗುಂಪಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ವೆಂಕಟಾಚಲಯ್ಯನವರು ನನ್ನ ಪಟ್ಟಿ ನೋಡಿ, "ಒಂದೂ ತಪ್ಪಿಲ್ಲ. ಎಲ್ಲರಿಗಿಂತ ಅಚ್ಚುಕಟ್ಟು ನಿಮ್ಮದೇ" ಎಂದರು. ನನಗೆ ಆ ಕಾಗದ ಹರಿದು ಬಿಸಾಡುವಷ್ಟು ರೋಸಿಹೋಯಿತು.

ಮಧ್ಯಾಹ್ನ ಮನೆಗಳ ಕದ ತೆರೆದ ಮೇಲೆ ಅಜ್ಜಿ ನನ್ನನ್ನು ಕರೆಸಿದಳು. ಹೇಗಿತ್ತು ಎಂದು ಕೇಳಿದಳು. ನಾನು ನೋಡಲಿಲ್ಲ, ಹೆದರಿಕೆಯಾಯಿತು ಎಂದು ಸುಗೆಂಗ್ ಅವರಿಗೆ ಹೇಳಿದೆ. ಅವರಿಗೆ ನಂಬಿಕೆ ಬರದೆ ಎರಡು ಸಲ ಕೇಳಿಸಿಕೊಂಡರು. ಅಜ್ಜಿ ನಗಲಿಲ್ಲ. ಎಲೆಅಡಿಕೆ ಉಗುಳಿ ಬಂದು, "ಹಾಗಾದರೆ ನಾನು ನೋಡಿದ್ದನ್ನು ತೋರಿಸುತ್ತೇನೆ" ಎಂದು ತುರುಬು ಬಿಚ್ಚಿದಳು. ನನ್ನನ್ನು ಕೋಣೆಯೊಳಗೆ ಕೂರಿಸಿ, ತಾನು ಬಾಗಿಲಲ್ಲಿ ಬಿಸಿಲಿಗೆ ಮುಖ ಮಾಡಿ ನಿಂತು, ಬಿಳಿ ಕೂದಲನ್ನು ಎರಡೂ ಕೈಯಿಂದ ಸುತ್ತಲೂ ಹರಡಿ ಹಿಡಿದಳು. ಹೊರಗಿನ ಬೆಳಕಿಗೆ ಅವಳ ತಲೆ ಕಪ್ಪಗೆ, ದುಂಡಗೆ ಕಂಡಿತು. ಸುತ್ತ ಕೂದಲಿನ ಎಳೆ ಎಳೆಯೂ ಹೊಳೆಯುತ್ತಿತ್ತು. "ಹೀಗಿತ್ತು" ಎಂದಳು. ನನಗೆ ಅಳು ಬಂತು, ಅತ್ತೆ.

ಶೆಟ್ಟಿಕೆರೆ

ವಾಪಸು ಬಂದ ದಾರಿಯ ಬಗ್ಗೆ ಬರೆಯುವುದೇನೂ ಇಲ್ಲ. ಬಿಳಿಗೆರೆಯಲ್ಲಿ ಎರಡು ದಿನ ಮಲಗಿದ್ದೆ. ಮೂರನೆಯ ದಿನ ಬಸ್ಸು ಹತ್ತಿದೆ. ಅಜ್ಜಿ ತೋರಿಸಿದ್ದನ್ನು ನಾನೇ ಕಂಡೆನೆಂದು ಹೇಳಿಬಿಡುವುದು ಎಂದು ಚಿಕ್ಕನಾಯಕನಹಳ್ಳಿ ದಾಟುವ ಹೊತ್ತಿಗೆ ನಿರ್ಧಾರ ಮಾಡಿದ್ದೆ. ಗಿರಿಜ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಣಗಿದ್ದು ಹಸಿ ಇದ್ದದ್ದು ಬೇರೆ ಮಾಡುತ್ತಿದ್ದಳು. ನನ್ನನ್ನು ಕಂಡು ಕೈಯಲ್ಲಿದ್ದದ್ದನ್ನು ಕೆಳಗಿಟ್ಟಳು.

ಅಲ್ಲಿಯ ಬಚ್ಚಲು, ಕೊಬ್ಬರಿಯ ಗೋಳು, ಜೀಪಿನ ಡಂಗುರ ಎಲ್ಲ ಹೇಳಿದೆ. "ಅದೆಲ್ಲ ಆಮ್ಯಾಕೆ" ಎಂದಳು. "ಪೂರಾ ಮುಚ್ಚಿದಾಗ ಹೆಂಗಿತ್ತು, ಅದು ಹೇಳು."

ಬಾಯಿ ತೆರೆದೆ. ಅವಳು ಎರಡೂ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. "ನಾನು ನೋಡ್ಲಿಲ್ಲ ಗಿರಿಜ" ಎಂದೆ. "ಗಾಜು ತೆಗಿಯಾಕೆ ಕೈ ಬರಲಿಲ್ಲ."

"ಮೋಡ ಇತ್ತಾ?"

"ಇಲ್ಲ."

"ಎಷ್ಟೊತ್ತು ಮುಚ್ಚಿತ್ತು?"

"ಐದು ನಿಮಿಷ."

"ಐದು ನಿಮಿಷದಾಗೆ ಒಂದು ಗಳಿಗೆನೂ ನೋಡ್ಲಿಲ್ವಾ?"

ಇಲ್ಲವೆಂದು ತಲೆಯಾಡಿಸಿದೆ. ಅವಳು ಕಾಯಿಯೊಂದನ್ನು ಎತ್ತಿಕೊಂಡಳು, ಅಲ್ಲಾಡಿಸಲಿಲ್ಲ, ಹಾಗೇ ಇಟ್ಟಳು.

"ಮೂರು ವರ್ಷದಾಗೆ ನಿನ್ ಮ್ಯಾಲೆ ಒಂದಿನ ಸಿಟ್ಟು ಬಂದಿರಲಿಲ್ಲ ಕಣಣ್ಣ. ಇವತ್ತು ಬಂತು ನೋಡು" ಎಂದು ಎದ್ದು ಒಳಗೆ ಹೋದಳು.

ಮೂರು ವರ್ಷದಿಂದ ಆ ಸಿಟ್ಟಿಗೆ ಕಾದಿದ್ದವನು ನಾನು. ಗಾಜಿಗಾಗಿ ಬೈಯುತ್ತಾಳೆ ಎಂದುಕೊಂಡಿದ್ದೆ. ಬಂದದ್ದು ಬೇರೆಯದಕ್ಕೆ, ಮತ್ತು ಅದು ನ್ಯಾಯವಾಗಿತ್ತು. ಮಧ್ಯಾಹ್ನ ಮುದ್ದೆ, ಹುರುಳಿ ಸಾರು ಬಡಿಸಿದಳು. ಊಟ ಮಾಡಿ, ಬತ್ತೀನಮ್ಮ ಎಂದು ಹೇಳಿ ರಸ್ತೆಗೆ ಬಂದು ಬಸ್ಸಿಗೆ ನಿಂತೆ. ಸ್ವಲ್ಪ ಹೊತ್ತಿಗೆ ಅವಳೂ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ನೀನು ನೋಡ್ಲಿಲ್ಲ ಸರಿ. ಆ ಊರಾಗೆ ಯಾರೂ ನೋಡ್ಲಿಲ್ವಾ?"

"ಒಬ್ಬ ಅಜ್ಜಿ ಟೀವಿಲಿ ನೋಡಿದ್ಲು."

"ಅವ್ಳು ಏನಂದ್ಲು? ಅದನ್ನಾದ್ರೂ ಹೇಳು."

ಅಜ್ಜಿ ತುರುಬು ಬಿಚ್ಚಿ ಬಾಗಿಲಲ್ಲಿ ನಿಂತದ್ದನ್ನು ಹೇಳಿದೆ. ನಡುವೆ ದುಂಡಗೆ ಕಪ್ಪು, ಒಂದು ಚೂರೂ ಬೆಳಕಿಲ್ಲದ ಕಪ್ಪು, ಸುತ್ತ ಬಿಳಿ ಕೂದಲಿನಂಥ ಬೆಳಕು ಎಂದೆ. ಗಿರಿಜ ಪೂರಾ ಕೇಳಿಸಿಕೊಂಡಳು. ಆಮೇಲೆ ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನಿಂದ ನನ್ನ ಮುಖವನ್ನು ನೋಡಿದಳು.

"ಈ ಕಣ್ಣಿಗೆ ಕಾಣೋದು ಅದೇ ಕಣಣ್ಣ. ಏನ್ ನೋಡಿದ್ರೂ ನೋಡಿದ ಕಡೆ ದುಂಡಗೆ ಕಪ್ಪು, ಸುತ್ತ ಬೆಳಕು. ಈಗ ನಿನ್ ಮುಖ ಇಲ್ಲ. ಕಿವಿ ಆಚೆ ಈಚೆ ಬಿಸ್ಲು ಐತೆ, ಮರ ಅವೆ. ಮೂರು ವರ್ಷದಿಂದ ದಿನಾ ನೋಡ್ತಿದ್ದೀನಿ. ನೀನು ಕೇಳಿದ್ದಿದ್ರೆ ಹೇಳ್ತಿದ್ದೆ."

ಬಸ್ಸು ಬಂದು ನಿಂತಿತು. ಕಂಡಕ್ಟರು ಹತ್ತಿ ಮೇಷ್ಟ್ರೇ ಎಂದ. ಹೋಗಪ್ಪ ಎಂದೆ. ಬಸ್ಸು ಹೋದ ಮೇಲೆ ರಸ್ತೆ ಬದಿಯ ಕಲ್ಲಿನ ಮೇಲೆ ಅವಳ ಪಕ್ಕದಲ್ಲಿ ಕೂತು, ಆ ಕಣ್ಣಿಗೆ ಇನ್ನೇನು ಕಾಣುತ್ತದೆ ಎಂದು ಕೇಳಿದೆ.